ಹಿಂದಿನ ದಿನ ಏನಾಗಿತ್ತು?

‘ಧಾರ್ಮಿಕ ಭಾವನೆಗೆ ಧಕ್ಕೆ: ಪ್ರಕರಣ ದಾಖಲು.’ ಓದಿ ಓದಿ ಸವೆದುಹೋದ ಸಾಲು ಇದು. ಸುದ್ದಿಯಲ್ಲಿ ಧಕ್ಕೆ ತಂದವರ ಹೆಸರು ಇರುತ್ತದೆ, ದೂರು ಕೊಟ್ಟವರ ಹೆಸರು ಇರುತ್ತದೆ, ಠಾಣೆಯ ಹೆಸರೂ ಇರುತ್ತದೆ. ಆರೋಪಿ ಹೇಳಿದ್ದೇನು ಎಂಬುದು ಮಾತ್ರ ಬಹುತೇಕ ಇರುವುದಿಲ್ಲ. ಅದನ್ನು ಅಚ್ಚು ಹಾಕಿದರೆ ತಮ್ಮ ಮೇಲೂ ಅದೇ ಕಲಂ ಬಂದೀತು ಎಂಬ ಅಳುಕು ವರದಿಗಾರರಿಗೆ. ಸುದ್ದಿಯಲ್ಲಿ ಎಂದೂ ಕಾಣದ ಇನ್ನೊಂದು ಸಂಗತಿಯಿದೆ. ಆ ಮಾತು ಹೊರಬೀಳುವ ಮುನ್ನ, ಆ ದಿನವೋ ಹಿಂದಿನ ದಿನವೋ, ದೂರುದಾರನಿಗೂ ಆರೋಪಿಗೂ ನಡುವೆ ಏನು ನಡೆದಿತ್ತು? ಧರ್ಮನಿಂದೆಯ ಪ್ರಕರಣಗಳ ಕಡತ ಬಿಡಿಸಿದಷ್ಟೂ ನನ್ನನ್ನು ಕಾಡುವ ಪ್ರಶ್ನೆ ಇದೇ. ಯಾವ ದೇಶದ ಕಡತವನ್ನೇ ತೆಗೆಯಿರಿ, ತಳದಲ್ಲಿ ಆಗಾಗ ಸಿಗುವುದು ನೀರು, ಜಾಗ, ಕೆಲಸ, ಚುನಾವಣೆ.

ಮೊದಲಿಗೆ ಈ ‘ಧಕ್ಕೆ’ಯ ಲೆಕ್ಕ ಮುಗಿಸಿಬಿಡೋಣ. ಹಳೆಯ ದಂಡ ಸಂಹಿತೆಯ 295ಎ, ಈಗಿನ ನ್ಯಾಯ ಸಂಹಿತೆಯ 299, ಬರೀ ಧಕ್ಕೆಯನ್ನು ಅಪರಾಧವೆನ್ನುವುದಿಲ್ಲ. ಒಂದು ವರ್ಗದ ನಾಗರಿಕರ ಧಾರ್ಮಿಕ ಭಾವನೆಯನ್ನು ಕೆರಳಿಸುವ ಉದ್ದೇಶ ಇರಬೇಕು. ಆ ಉದ್ದೇಶ ಬುದ್ಧಿಪೂರ್ವಕವೂ ಆಗಿರಬೇಕು, ದುರುದ್ದೇಶದ್ದೂ ಆಗಿರಬೇಕು. ‘ಅಥವಾ’ ಅಲ್ಲ, ‘ಮತ್ತು’. ಶಿಕ್ಷೆ 3 ವರ್ಷದವರೆಗೆ. ಯಾರದೋ ಕಿವಿಗೆ ಬೀಳುವಂತೆ ಆಡಿದ ಮಾತಿನಿಂದ ಮನಸ್ಸು ನೋಯಿಸಿದ್ದಕ್ಕೆ ಬೇರೆಯೇ ಕಲಂ ಇದೆ. ಅದು ಹಳೆಯ 298, ಈಗಿನ 302. ಅದಕ್ಕೆ ಶಿಕ್ಷೆ ಹೆಚ್ಚೆಂದರೆ 1 ವರ್ಷ, ಜಾಮೀನು ಹಕ್ಕಿನಿಂದ ಸಿಗುತ್ತದೆ, ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಶುರುಮಾಡುವಂತಿಲ್ಲ. ಠಾಣೆಯ ಮುಂದೆ ಇನ್ನೂರು ಜನ ಕೂಗುತ್ತಿರುವಾಗ ‘ಇದು ಸಂಜ್ಞೇಯವಲ್ಲದ ಅಪರಾಧ, ನ್ಯಾಯಾಲಯಕ್ಕೆ ಹೋಗಿ’ ಎನ್ನುವ ಎದೆಗಾರಿಕೆ ಯಾವ ಅಧಿಕಾರಿಗೆ ಇದ್ದೀತು? 295ಎ ಬರೆದರೆ ಬಂಧಿಸಬಹುದು, ಗುಂಪು ಚದುರುತ್ತದೆ. ಜನ ಹೆಚ್ಚಿದಷ್ಟೂ ಕಲಂ ಭಾರವಾಗುವುದು ಹೀಗೆ.

ಲಾಹೋರಿನ ಒಂದು ತೀರ್ಪು

ಈ ಕಲಮಿನ ಹುಟ್ಟನ್ನು ತಿಳಿಯದೆ ಅದರ ಇಂದಿನ ನಡತೆ ಅರ್ಥವಾಗುವುದಿಲ್ಲ. 1920ರ ದಶಕದ ಲಾಹೋರಿನಲ್ಲಿ ಆರ್ಯಸಮಾಜದವರೂ ಮುಸ್ಲಿಂ ವಾದಿಗಳೂ ಒಬ್ಬರ ಧರ್ಮವನ್ನೊಬ್ಬರು ಹೀಯಾಳಿಸಿ ಕಿರುಹೊತ್ತಗೆ ಅಚ್ಚು ಹಾಕಿಸುವುದು ಒಂದು ದಂಧೆಯಂತೆಯೇ ನಡೆದಿತ್ತು. ಪ್ರವಾದಿಯವರ ಖಾಸಗಿ ಬದುಕನ್ನು ಆಡಿಕೊಂಡ, ಲೇಖಕನ ಹೆಸರಿಲ್ಲದ ಒಂದು ಹೊತ್ತಗೆಯನ್ನು ರಾಜಪಾಲ್ ಎಂಬ ಪ್ರಕಾಶಕ ಹೊರತಂದ. ಆಗ ಇದ್ದದ್ದು 153ಎ ಮಾತ್ರ, ವರ್ಗ ವರ್ಗಗಳ ನಡುವೆ ದ್ವೇಷ ಬಿತ್ತುವುದಕ್ಕೆ ಸಂಬಂಧಿಸಿದ ಕಲಂ. ಕೆಳಗಿನ ನ್ಯಾಯಾಲಯಗಳು ಶಿಕ್ಷೆ ಕೊಟ್ಟವು. 1927ರ ಮೇ ತಿಂಗಳಲ್ಲಿ ಲಾಹೋರ್ ಹೈಕೋರ್ಟಿನ ನ್ಯಾಯಮೂರ್ತಿ ದಲೀಪ್ ಸಿಂಗ್ ಅದನ್ನು ರದ್ದುಮಾಡಿದರು. ಹೊತ್ತಗೆ ಹೊಲಸಾಗಿದೆ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ 153ಎ ಇರುವುದು ಇಂದು ಬದುಕಿರುವ ಒಂದು ಸಮುದಾಯದ ಮೇಲಿನ ದಾಳಿಯನ್ನು ತಡೆಯಲು, ಎಂದೋ ಗತಿಸಿದ ಧರ್ಮಗುರುವಿನ ಟೀಕೆಯನ್ನು ತಡೆಯಲು ಅಲ್ಲ ಎಂದರು.

ನನಗೆ ಈ ಗೆರೆ ಇಂದಿಗೂ ಸರಿಯೆನಿಸುತ್ತದೆ. ಬದುಕಿರುವ ಮನುಷ್ಯರ ಮೇಲೆ ಎತ್ತಿಕಟ್ಟುವ ಮಾತು ಒಂದು, ದೇವರನ್ನೋ ಪ್ರವಾದಿಯನ್ನೋ ಕುರಿತ ಮಾತು ಇನ್ನೊಂದು. ಆದರೆ ಆ ಊರಿನಲ್ಲಿ ಆ ಹೊತ್ತಿನಲ್ಲಿ ಇದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ನ್ಯಾಯಮೂರ್ತಿ ರಾಜೀನಾಮೆ ಕೊಡಲಿ ಎಂದು ಬರೆದ ಪತ್ರಿಕೆಯವರು ನ್ಯಾಯಾಂಗ ನಿಂದನೆಗೆ ಜೈಲಿಗೆ ಹೋದರು. ಅದೇ ವರ್ಷ ಇನ್ನೊಂದು ಪತ್ರಿಕೆಯ ಪ್ರಕರಣದಲ್ಲಿ ಅದೇ ಹೈಕೋರ್ಟಿನ ಬೇರೆ ಪೀಠ ದಲೀಪ್ ಸಿಂಗರ ಅರ್ಥವನ್ನು ಒಪ್ಪಲಿಲ್ಲ. ಆದರೂ ಸರ್ಕಾರ ಕಾಯಲಿಲ್ಲ, ವರ್ಷ ಮುಗಿಯುವುದರೊಳಗೆ 295ಎ ಬಂತು.

ಆ ಮಸೂದೆಯನ್ನು ಪರಿಶೀಲಿಸಿದ ಆಯ್ಕೆ ಸಮಿತಿ ಒಂದು ಜಾಣತನದ ಕೆಲಸ ಮಾಡಿತ್ತು. ಸಮಾಜ ಸುಧಾರಣೆಗೆಂದು ತನ್ನದೇ ಧರ್ಮದವರನ್ನು ಬೆಚ್ಚಿಬೀಳಿಸುವ ಬರಹಗಾರನೂ ಇದರಲ್ಲಿ ಸಿಕ್ಕಿಬಿದ್ದಾನು ಎಂದು ಅದಕ್ಕೆ ಹೊಳೆದಿತ್ತು. ಉದ್ದೇಶದ ಕುರಿತ ಆ ಜೋಡಿ ಪದಗಳು ಕಾನೂನಿನಲ್ಲಿ ಉಳಿದದ್ದು ಈ ಎಚ್ಚರದಿಂದ. ಇತಿಹಾಸ ಬರೆಯುವವರಿಗೂ ಪ್ರಾಮಾಣಿಕವಾಗಿ ಧರ್ಮವನ್ನು ವಿಮರ್ಶಿಸುವವರಿಗೂ ರಕ್ಷಣೆ ಬೇಕೇಬೇಕು ಎಂದು ಶಾಸನಸಭೆಯಲ್ಲಿ ಒತ್ತಿ ಹೇಳಿದವರಲ್ಲಿ ಮಹಮ್ಮದ್ ಅಲಿ ಜಿನ್ನಾ ಒಬ್ಬರು.

ಕಾನೂನು ಬಂದರೆ ಜನ ಕಾನೂನನ್ನು ಕೈಗೆತ್ತಿಕೊಳ್ಳುವುದಿಲ್ಲ ಎಂಬ ವಾದ ಆಗಲೂ ಇತ್ತು, ಈಗಲೂ ಇದೆ. ಅದಕ್ಕೆ ಮೊದಲ ಪರೀಕ್ಷೆ ಎರಡೇ ವರ್ಷದಲ್ಲಿ ಎದುರಾಯಿತು. 1929ರ ಏಪ್ರಿಲ್‌ನಲ್ಲಿ ಇಲ್ಮುದ್ದೀನ್ ಎಂಬ ತರುಣ ರಾಜಪಾಲನನ್ನು ಇರಿದು ಕೊಂದ. ಅವನ ಮೇಲ್ಮನವಿಗೆ ಹೈಕೋರ್ಟಿನಲ್ಲಿ ನಿಂತ ವಕೀಲರು ಅದೇ ಜಿನ್ನಾ. ಮನವಿ ಬಿದ್ದುಹೋಯಿತು, 1929ರ ಅಕ್ಟೋಬರ್ 31ರಂದು ಗಲ್ಲಾಯಿತು. ಈ ದಿನಾಂಕ ನೆನಪಿನಲ್ಲಿರಲಿ, ಮುಂದೆ ಮತ್ತೆ ಬರುತ್ತದೆ.

ಉದುರಿಹೋದ ಪದಗಳು

ದೇಶ ಎರಡಾದಾಗ ಎರಡೂ ಕಡೆಯವರು ಇದೇ ಸಂಹಿತೆಯನ್ನು ಹಂಚಿಕೊಂಡರು. ಭಾರತದ ಸುಪ್ರೀಂ ಕೋರ್ಟು 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ 295ಎ ಕಲಮನ್ನು ಎತ್ತಿಹಿಡಿಯಿತು. ಎಲ್ಲ ಅವಮಾನವೂ ಇದರಡಿ ಬರುವುದಿಲ್ಲ, ಉದ್ದೇಶಪೂರ್ವಕವಾದ ತೀವ್ರ ಸ್ವರೂಪದ್ದು ಮಾತ್ರ ಬರುತ್ತದೆ ಎಂಬ ಆಧಾರದ ಮೇಲೆ. ಪಾಕಿಸ್ತಾನದಲ್ಲಿ ಸೇನಾಡಳಿತಗಾರ ಜಿಯಾ ಉಲ್ ಹಕ್ ಕಾಲದಲ್ಲಿ ಹೊಸ ಕಲಮುಗಳು ಒಂದರ ಹಿಂದೊಂದು ಬಂದವು. 1980ರಲ್ಲಿ ಪ್ರವಾದಿಯವರ ಮನೆಯವರನ್ನೂ ಸಹಚರರನ್ನೂ ಹೀಯಾಳಿಸುವುದಕ್ಕೆ 298ಎ. 1982ರಲ್ಲಿ ಕುರಾನಿನ ಅಪವಿತ್ರತೆಗೆ ಜೀವಾವಧಿ ಕೊಡುವ 295ಬಿ. 1984ರಲ್ಲಿ ಅಹ್ಮದಿಯ ಪಂಥದವರು ತಮ್ಮನ್ನು ಮುಸ್ಲಿಮರೆಂದು ಕರೆದುಕೊಳ್ಳುವುದನ್ನೇ ಅಪರಾಧ ಮಾಡಿದ 298ಬಿ ಮತ್ತು 298ಸಿ. 1986ರಲ್ಲಿ ಪ್ರವಾದಿಯವರ ಹೆಸರಿಗೆ ಕಳಂಕ ತರುವುದಕ್ಕೆ ಮರಣದಂಡನೆ ಅಥವಾ ಜೀವಾವಧಿ ಹೇಳುವ 295ಸಿ. ಜೀವಾವಧಿಯ ಆಯ್ಕೆ ಇಸ್ಲಾಮಿಗೆ ವಿರುದ್ಧ ಎಂದು 1990ರಲ್ಲಿ ಫೆಡರಲ್ ಶರಿಯತ್ ನ್ಯಾಯಾಲಯ ಹೇಳಿದ ಮೇಲೆ ಉಳಿದದ್ದು ಮರಣದಂಡನೆ ಒಂದೇ.

295ಎ ಮತ್ತು 295ಸಿ ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು. 1927ರ ಸಮಿತಿ ಜೋಪಾನ ಮಾಡಿದ್ದ ಆ ಉದ್ದೇಶದ ಪದಗಳು 295ಸಿಯಲ್ಲಿ ಇಲ್ಲವೇ ಇಲ್ಲ. ಅವುಗಳ ಜಾಗದಲ್ಲಿ ಸೂಚನೆಯಿಂದ, ವ್ಯಂಗ್ಯದಿಂದ, ‘ನೇರವಾಗಿ ಅಥವಾ ಪರೋಕ್ಷವಾಗಿ’ ಎಂಬ ಪದಗಳು ಬಂದಿವೆ. ಅಂದರೆ ಹೇಳಿದವನ ಮನಸ್ಸಿನಲ್ಲಿ ಏನಿತ್ತು ಎಂಬುದು ಗೌಣ, ಕೇಳಿದವನಿಗೆ ಏನನ್ನಿಸಿತು ಎಂಬುದೇ ಮುಖ್ಯ. ಕಳ್ಳತನಕ್ಕೆ ಕೂಡ ಕದಿಯುವ ಉದ್ದೇಶವನ್ನು ಸಾಬೀತುಪಡಿಸಬೇಕು, ಇಲ್ಲಿ ಅದೂ ಬೇಡ. ವಿಚಿತ್ರವೆಂದರೆ, ಈ ಕಲಮಿನಡಿ ಪಾಕಿಸ್ತಾನ ಸರ್ಕಾರ ಇದುವರೆಗೆ ಯಾರನ್ನೂ ಗಲ್ಲಿಗೇರಿಸಿಲ್ಲ. ಸಾವುಗಳೆಲ್ಲ ಆಗಿರುವುದು ಬೀದಿಯಲ್ಲಿ, ಜೈಲಿನಲ್ಲಿ, ನ್ಯಾಯಾಲಯದ ಆವರಣದಲ್ಲಿ.

ಫಾಲ್ಸಾ ತೋಟ

2009ರ ಜೂನ್ 14. ಪಾಕಿಸ್ತಾನದ ಪಂಜಾಬಿನ ಇಟ್ಟನ್‌ವಾಲಿ ಎಂಬ ಹಳ್ಳಿ. ಫಾಲ್ಸಾ ಎಂಬ ಪುಟ್ಟ ಹುಳಿಹಣ್ಣು ಕೊಯ್ಯುವ ಕೂಲಿ ಕೆಲಸ, ಎಲ್ಲರೂ ಹೆಂಗಸರು. ಅವರಲ್ಲಿ ಆಸಿಯಾ ಬೀಬಿ ಕ್ರೈಸ್ತಳು. ಆಕೆ ಕುಡಿಯಲು ನೀರು ತಂದುಕೊಡಲು ಹೋದಾಗ ಇಬ್ಬರು ಅಕ್ಕತಂಗಿಯರು, ಕ್ರೈಸ್ತಳ ಕೈಯಿಂದ ನೀರು ಕುಡಿಯುವುದಿಲ್ಲ ಎಂದರು. ಮಾತಿಗೆ ಮಾತು ಬೆಳೆಯಿತು. ಯಾರ ನೀರು ಯಾರು ಕುಡಿಯಬಹುದು ಎಂಬ ಜಗಳ ಈ ಉಪಖಂಡದಲ್ಲಿ ಜಾತಿಯಿಂದ ಬಂದದ್ದು. ಪಂಜಾಬಿನ ಕ್ರೈಸ್ತರಲ್ಲಿ ಬಹುಪಾಲು ಜನ ‘ಅಸ್ಪೃಶ್ಯ’ರೆನಿಸಿಕೊಂಡಿದ್ದವರ ಮಕ್ಕಳು ಮೊಮ್ಮಕ್ಕಳು ಎಂಬುದು ಅಲ್ಲಿನ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು.

ದೂರು ದಾಖಲಾದದ್ದು ಜೂನ್ 19ಕ್ಕೆ, ಐದು ದಿನ ಬಿಟ್ಟು. ದೂರು ಕೊಟ್ಟವರು ಹಳ್ಳಿಯ ಧರ್ಮಗುರು, ತೋಟದಲ್ಲಿ ಅವರು ಇರಲೇ ಇಲ್ಲ. ಅರ್ಜಿ ಬರೆದುಕೊಟ್ಟದ್ದು ಒಬ್ಬ ವಕೀಲ, ಯಾವ ವಕೀಲ ಎಂದು ದೂರುದಾರರಿಗೆ ಹೇಳಲಾಗಲಿಲ್ಲ. ಈ ಐದು ದಿನಗಳ ನಡುವೆ ಒಂದು ಪಂಚಾಯಿತಿ ಸೇರಿತು, ಅಲ್ಲಿ ಆಕೆ ತಪ್ಪೊಪ್ಪಿಕೊಂಡಳು ಎಂಬುದು ಪ್ರಾಸಿಕ್ಯೂಷನ್ ಕತೆ. ಅಲ್ಲಿ ಎಷ್ಟು ಜನ ಸೇರಿದ್ದರು? ಸಾಕ್ಷಿಗಳ ಲೆಕ್ಕ ನೂರರಿಂದ ಹಿಡಿದು ಎರಡು ಸಾವಿರ ದಾಟುತ್ತದೆ. ಯಾರ ಮನೆಯಲ್ಲಿ ಸೇರಿತ್ತು ಎಂಬುದರಲ್ಲೂ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ನೀರಿನ ಜಗಳದ ಪ್ರಸ್ತಾಪ ದೂರಿನಲ್ಲಿ ಇರಲಿಲ್ಲ. ಆ ಅಕ್ಕತಂಗಿಯರೂ ಅದನ್ನು ಬಾಯಿಬಿಡಲಿಲ್ಲ. ಅದನ್ನು ನ್ಯಾಯಾಲಯದಲ್ಲಿ ಹೇಳಿದ್ದು ತೋಟದ ಒಡೆಯ.

ಇಷ್ಟೆಲ್ಲ ಕಡತದಲ್ಲಿ ಮೊದಲಿನಿಂದಲೂ ಇತ್ತು. 2010ರ ನವೆಂಬರ್‌ನಲ್ಲಿ ಸೆಷನ್ಸ್ ನ್ಯಾಯಾಲಯ ಮರಣದಂಡನೆ ಕೊಟ್ಟಾಗಲೂ ಇತ್ತು, 2014ರಲ್ಲಿ ಲಾಹೋರ್ ಹೈಕೋರ್ಟು ಅದನ್ನು ಖಾಯಂ ಮಾಡಿದಾಗಲೂ ಇತ್ತು. ಆಕೆಯ ಪರ ಮಾತಾಡಿದ ಪಂಜಾಬ್ ರಾಜ್ಯಪಾಲ ಸಲ್ಮಾನ್ ತಾಸೀರ್ ಅವರನ್ನು 2011ರ ಜನವರಿ 4ರಂದು ಅವರ ಅಂಗರಕ್ಷಕನೇ ಗುಂಡಿಟ್ಟು ಕೊಂದ. ಎರಡು ತಿಂಗಳೊಳಗೆ ಅಲ್ಪಸಂಖ್ಯಾತರ ಸಚಿವ ಶಾಹಬಾಜ್ ಭಟ್ಟಿಯ ಕೊಲೆಯಾಯಿತು. ಇದನ್ನೆಲ್ಲ ಕಂಡಮೇಲೆ ಕೆಳಗಿನ ನ್ಯಾಯಾಧೀಶರು ‘ಶಿಕ್ಷೆ ಕೊಟ್ಟುಬಿಡೋಣ, ಮೇಲಿನವರು ನೋಡಿಕೊಳ್ಳಲಿ’ ಎಂದುಕೊಂಡರೆ ಅಚ್ಚರಿಯೇನು? ಸುಪ್ರೀಂ ಕೋರ್ಟು ಬಿಡುಗಡೆ ಮಾಡಿದ್ದು 2018ರ ಅಕ್ಟೋಬರ್ 31ರಂದು. ಇಲ್ಮುದ್ದೀನನ ಗಲ್ಲಿನ ದಿನ. ಕಾಕತಾಳೀಯವೋ ಏನೋ, ಬೀದಿಗಿಳಿದವರು ಅದನ್ನು ಗಮನಿಸದೇ ಇರಲಿಲ್ಲ.

ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಆಸಿಫ್ ಸಯೀದ್ ಖೋಸಾ ಪ್ರತ್ಯೇಕವಾಗಿ ಬರೆದ ಪುಟಗಳಲ್ಲಿ ಒಂದು ಮಾತಿದೆ. ಆಕೆಯ ಧರ್ಮವನ್ನು ಮೊದಲು ಅವಮಾನಿಸಿ, ಆಮೇಲೆ ಪ್ರವಾದಿಯ ಹೆಸರಿನಲ್ಲಿ ಸತ್ಯಕ್ಕೆ ಸುಳ್ಳು ಬೆರೆಸಿದ್ದೂ ಧರ್ಮನಿಂದೆಗೆ ಕಡಿಮೆಯೇನಲ್ಲ ಎಂಬ ಅರ್ಥದ್ದು. ಕಾನೂನು ಒಂದೇ ಕಡೆಯ ನೋವನ್ನು ಬರೆದುಕೊಳ್ಳುತ್ತದೆ ಎಂಬುದನ್ನು ಇಷ್ಟು ನೇರವಾಗಿ ಹೇಳಿದ ಇನ್ನೊಂದು ತೀರ್ಪು ನನ್ನ ಕಣ್ಣಿಗೆ ಬಿದ್ದಿಲ್ಲ. ಆಸಿಯಾ 2019ರಲ್ಲಿ ಕೆನಡಾ ಸೇರಿದರು. ಇಟ್ಟನ್‌ವಾಲಿಗೆ ಮರಳುವ ಮಾತೇ ಇರಲಿಲ್ಲ.

ಜಗಳ ಏರುವ ಏಣಿ

ಎಲ್ಲ ಕಡೆಯೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಆದರೆ ಆಕಾರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. 2013ರ ಮಾರ್ಚ್, ಲಾಹೋರಿನ ಜೋಸೆಫ್ ಕಾಲೊನಿ: ಇಬ್ಬರು ಪರಿಚಯಸ್ಥರ ನಡುವಿನ ಜಗಳ, ಆಮೇಲೆ 295ಸಿ ದೂರು, ಆಮೇಲೆ ನೂರಕ್ಕೂ ಹೆಚ್ಚು ಕ್ರೈಸ್ತರ ಮನೆಗಳಿಗೆ ಬೆಂಕಿ. ಬೆಂಕಿ ಇಟ್ಟ ಆರೋಪದ 115 ಜನರೂ 2017ರಲ್ಲಿ ಖುಲಾಸೆಯಾದರು. ದೂರಿನ ಆರೋಪಿ ಖುಲಾಸೆಯಾದದ್ದು 2020ರಲ್ಲಿ, ಅಲ್ಲಿಯವರೆಗೂ ಮರಣದಂಡನೆಯ ಕೈದಿ. 2012ರಲ್ಲಿ ಇಸ್ಲಾಮಾಬಾದಿನ ಅಂಚಿನಲ್ಲಿ ಕಸದೊಂದಿಗೆ ಪವಿತ್ರ ಪುಟಗಳನ್ನು ಸುಟ್ಟಳೆಂದು ಒಬ್ಬ ಕ್ರೈಸ್ತ ಹುಡುಗಿಯನ್ನು ಹಿಡಿದರು. ಪುಟಗಳನ್ನು ಚೀಲಕ್ಕೆ ಸೇರಿಸಿದ್ದು ಸ್ಥಳೀಯ ಇಮಾಮರೇ ಎಂಬ ಆರೋಪ ಆಮೇಲೆ ಬಂತು, ಅವರ ಬಂಧನವೂ ಆಯಿತು. ಸಾಕ್ಷಿಗಳು ಮಾತು ಹಿಂತೆಗೆದುಕೊಂಡರು, ಇಮಾಮರೂ ಬಿಡುಗಡೆಯಾದರು. ಹುಡುಗಿಯ ಪ್ರಕರಣವನ್ನು ಹೈಕೋರ್ಟು ರದ್ದುಮಾಡಿತು. ಆದರೆ ಅಷ್ಟರಲ್ಲಿ ಆ ಬಡಾವಣೆಯ ಕ್ರೈಸ್ತ ಕುಟುಂಬಗಳು ಸಾಮಾನು ಕಟ್ಟಿಕೊಂಡು ಹೋಗಿದ್ದವು.

ಕಸ ಎಂಬ ಪದದ ಮೇಲೆ ಒಂದು ಕ್ಷಣ ನಿಲ್ಲಬೇಕು. ಪಾಕಿಸ್ತಾನದ ಪಟ್ಟಣಗಳಲ್ಲಿ ಕಸ ಗುಡಿಸುವ ಕೆಲಸ ಬಹುಪಾಲು ಕ್ರೈಸ್ತರದ್ದು. ದೇವರ ಹೆಸರಿರುವ ಕಾಗದವನ್ನು ಹಾಕಲೆಂದು ಕಂಬಗಳಿಗೆ ಡಬ್ಬಿ ಕಟ್ಟಿರುತ್ತಾರೆ. ಆದರೂ ಪತ್ರಿಕೆಯ ಹಾಳೆ, ಮದುವೆ ಕರೆಯೋಲೆ, ಶಾಲೆಯ ಪುಸ್ತಕ ಎಲ್ಲ ಕಸಕ್ಕೇ ಬರುತ್ತವೆ. ಕಸಕ್ಕೆ ಬೆಂಕಿ ಹಚ್ಚುವವನಿಗೆ ಓದು ಬರದಿದ್ದರೆ ಅವನ ವೃತ್ತಿಯೇ ಅವನಿಗೆ ಅಪಾಯ. ಉದ್ದೇಶ ನೋಡದ ಕಾನೂನು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಧರ್ಮಕ್ಕಿಂತ ಮೊದಲು ಕೆಲಸವೇ ಗೊತ್ತುಮಾಡುತ್ತದೆ.

ಇಂಡೊನೇಷ್ಯಾದಲ್ಲಿ 1965ರ ಅಧ್ಯಕ್ಷೀಯ ಆದೇಶದಿಂದ ಬಂದ, ಹಳೆಯ ದಂಡ ಸಂಹಿತೆಯ 156ಎ ವಿಧಿಯಿತ್ತು, 5 ವರ್ಷದವರೆಗೆ ಶಿಕ್ಷೆ. ಉತ್ತರ ಸುಮಾತ್ರದ ತಾಂಜುಂಗ್ ಬಲಾಯ್ ಊರಿನಲ್ಲಿ 2016ರಲ್ಲಿ ಚೀನೀ ಮೂಲದ ಬೌದ್ಧ ಮಹಿಳೆಯೊಬ್ಬರು ಮಸೀದಿಯ ಧ್ವನಿವರ್ಧಕದ ಸದ್ದು ಜಾಸ್ತಿಯಾಯಿತು ಎಂದರು. ಮಾತು ಊರೆಲ್ಲ ಸುತ್ತಿ, ಬೌದ್ಧ ದೇಗುಲಗಳಿಗೆ ಬೆಂಕಿ ಬಿತ್ತು. 2018ರಲ್ಲಿ ಆಕೆಗೆ 18 ತಿಂಗಳ ಸೆರೆ. ಸದ್ದಿನ ಬಗ್ಗೆ ದೂರುವುದು ಧರ್ಮನಿಂದೆಯಲ್ಲ ಎಂದು ಅಲ್ಲಿನ ಅತಿ ದೊಡ್ಡ ಮುಸ್ಲಿಂ ಸಂಘಟನೆ ನಹ್ದತುಲ್ ಉಲಮಾದ ಮುಖಂಡರೇ ಹೇಳಿದರು, ಉಪಯೋಗವಾಗಲಿಲ್ಲ. ಜಕಾರ್ತಾದ ಕ್ರೈಸ್ತ ರಾಜ್ಯಪಾಲ ಅಹೋಕ್ ಅವರ ಪ್ರಕರಣದಲ್ಲಿ ಚುನಾವಣೆ ಹತ್ತಿರವಿತ್ತು. ಕುರಾನಿನ ಒಂದು ವಚನವನ್ನು ‘ಬಳಸಿ’, ನನಗೆ ಮತ ಹಾಕದಂತೆ ನಿಮ್ಮನ್ನು ಯಾರೋ ಮೋಸಗೊಳಿಸಬಹುದು ಎಂಬಂತೆ ಅವರು ಭಾಷಣದಲ್ಲಿ ಹೇಳಿದ್ದರು. ಅಂತರ್ಜಾಲಕ್ಕೆ ಏರಿಸಿದವನ ಬರಹದಲ್ಲಿ ‘ಪಾಕೈ’, ಅಂದರೆ ‘ಬಳಸಿ’ ಎಂಬ ಪದ ಬಿಟ್ಟುಹೋಗಿತ್ತು. ವಚನವೇ ಮೋಸ ಮಾಡುತ್ತದೆ ಎಂಬ ಅರ್ಥ ಬಂತು. ಪದ ಬಿಟ್ಟವನಿಗೂ ಆಮೇಲೆ ಶಿಕ್ಷೆಯಾಯಿತು. ಆದರೆ 2017ರ ಮೇ ತಿಂಗಳಲ್ಲಿ ಅಹೋಕ್‌ಗೆ 2 ವರ್ಷ ಸೆರೆ, ಅದೂ ಪ್ರಾಸಿಕ್ಯೂಷನ್ ಕೇಳಿದ್ದಕ್ಕಿಂತ ಹೆಚ್ಚು.

ಇಲ್ಲೆಲ್ಲ ಜಗಳದ ಮೊದಲ ಮೆಟ್ಟಿಲಲ್ಲಿ ಇಬ್ಬರೇ ಇದ್ದರು, ಹೆಚ್ಚೆಂದರೆ ಎರಡು ಪಕ್ಷ. ಸದ್ದು ಕಡಿಮೆ ಮಾಡಿ, ನೀರು ಕೊಡಬೇಡ, ಮತ ಹಾಕಬೇಡಿ. ಇಂಥ ಜಗಳಕ್ಕೆ ಹಳ್ಳಿಯಲ್ಲಿ ಹಿರಿಯರಿದ್ದಾರೆ, ಪಟ್ಟಣದಲ್ಲಿ ಸಿವಿಲ್ ನ್ಯಾಯಾಲಯವಿದೆ. ಧರ್ಮನಿಂದೆಯ ಕಲಂ ಇದ್ದಾಗ ಸೋಲುತ್ತಿರುವವನಿಗೆ ಇನ್ನೊಂದು ದಾರಿ ಕಾಣುತ್ತದೆ: ತನ್ನ ಜಗಳವನ್ನು ಎಲ್ಲರ ಜಗಳ ಮಾಡುವುದು. ಕಲಂ ‘ವರ್ಗದ ಭಾವನೆ’ ಕೇಳುತ್ತದಲ್ಲ, ವರ್ಗವನ್ನು ಕರೆತಂದು ಠಾಣೆಯ ಮುಂದೆ ನಿಲ್ಲಿಸಬೇಕಾಗುತ್ತದೆ. ಸಿಟ್ಟೇ ಸಾಕ್ಷ್ಯವಾಗುವ ಕಡೆ ಸಿಟ್ಟನ್ನು ಆರಲು ಬಿಡುವವನು ತನ್ನ ಪ್ರಕರಣವನ್ನೇ ಕೆಡಿಸಿಕೊಂಡಂತೆ. ರಾಜಿ ಮಾಡಿಸಲು ಬಂದ ಹಿರಿಯನನ್ನೂ ‘ನೀನು ಯಾವ ಕಡೆ’ ಎಂದು ಕೇಳುವುದು ಇಲ್ಲಿಂದಲೇ ಶುರು.

ನಮ್ಮ ಕಡೆಯ ಮಾತು

ನಮ್ಮಲ್ಲಿ ಮರಣದಂಡನೆಯಿಲ್ಲ, ಉದ್ದೇಶದ ಪದಗಳು ಉಳಿದಿವೆ. ಹಾಗಾಗಿ ಕೊನೆಗೆ ಶಿಕ್ಷೆಯಾಗುವುದು ಅಪರೂಪ. ಆದರೆ ತೊಂದರೆ ಕೊನೆಯಲ್ಲಿಲ್ಲ, ಶುರುವಿನಲ್ಲಿದೆ. 295ಎ ಪ್ರಕರಣವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 196, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 217). ಒಳ್ಳೆಯ ಜರಡಿ ಇದು. ಆದರೆ ಜರಡಿ ಇಟ್ಟಿರುವುದು ದೋಷಾರೋಪ ಪಟ್ಟಿ ನ್ಯಾಯಾಲಯಕ್ಕೆ ಬರುವ ಹಂತದಲ್ಲಿ. ಎಫ್‌ಐಆರ್‌ಗೆ ಅನುಮತಿ ಬೇಡ, ಬಂಧನಕ್ಕೂ ಬೇಡ. ಒಂದೇ ಮಾತಿಗೆ ಐದು ಊರುಗಳಲ್ಲಿ ಐದು ದೂರು ಬಿದ್ದರೆ ಆರೋಪಿ ಐದೂ ಕಡೆ ಅಲೆಯಬೇಕು. ಪತ್ರಿಕೆಯೊಂದರ ಮುಖಪುಟದಲ್ಲಿ ವಿಷ್ಣುವಿನ ರೂಪದಲ್ಲಿ ಕಾಣಿಸಿಕೊಂಡ ಕ್ರಿಕೆಟಿಗ ಧೋನಿಯ ಮೇಲೆ ಬೆಂಗಳೂರಿನಲ್ಲೂ ದೂರಿತ್ತು, ಆಂಧ್ರದ ಅನಂತಪುರದಲ್ಲೂ ಇತ್ತು. ಮುಖಪುಟ ಬಂದದ್ದು 2013ರಲ್ಲಿ. ಉದ್ದೇಶವಿಲ್ಲದೆ, ಅರಿವಿಲ್ಲದೆ, ಅಜಾಗ್ರತೆಯಿಂದ ಆದ ಅವಮಾನ 295ಎ ಅಡಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು ಅನಂತಪುರದ ಪ್ರಕರಣ ರದ್ದುಮಾಡಿದ್ದು 2017ರಲ್ಲಿ. ದೊಡ್ಡ ವಕೀಲರಿದ್ದ ಧೋನಿಗೇ ನಾಲ್ಕು ವರ್ಷ ಹಿಡಿಯಿತು.

ಕನ್ನಡದ್ದೇ ಇನ್ನೊಂದು ಉದಾಹರಣೆ ಇದೆ. 12ನೇ ಶತಮಾನದ ಶರಣರನ್ನು ಕುರಿತ, ರಾಜ್ಯದ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂದಿದ್ದ ಒಂದು ಕಾದಂಬರಿಯನ್ನು ರಾಜ್ಯ ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿತು. ಬರಹಗಾರರು ನ್ಯಾಯಾಲಯಕ್ಕೆ ಹೋದರು, 2007ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಕ್ರಮವನ್ನೇ ಎತ್ತಿಹಿಡಿಯಿತು. ಇದು ಎರಡು ಧರ್ಮಗಳ ನಡುವಿನ ಜಗಳವಲ್ಲ, ಒಂದೇ ಮನೆಯೊಳಗಿನ ವಾದ. ನಿಂದಾಸ್ತುತಿ ಎಂಬ ಪ್ರಕಾರವನ್ನೇ ಇಟ್ಟುಕೊಂಡಿರುವ ಭಾಷೆ ನಮ್ಮದು. ದೇವರನ್ನು ಬೈದು ಹಾಡುವುದನ್ನು ಭಕ್ತಿಯೆಂದು ಒಪ್ಪಿಕೊಂಡವರು ನಾವು. ಬೈದವನು ನಮ್ಮವನೇ ಎಂಬ ಸಲಿಗೆ ಅದರ ಹಿಂದಿತ್ತು. ಈಗ ನಮ್ಮವನೇ ಆದರೂ ಸರ್ಕಾರ ನಡುವೆ ಬಂದು ಕೂರುತ್ತದೆ.

ಸುಮ್ಮನೆ ಕಠಿಣ ಮಾಡಿದರೆ ಸಾಲದು ಎಂಬುದಕ್ಕೆ ನಮ್ಮ ಪಂಜಾಬಿನತ್ತ ನೋಡಬೇಕು. ಗುರು ಗ್ರಂಥ ಸಾಹಿಬ್ ಅಪವಿತ್ರಗೊಳಿಸಿದರೆ ಜೀವಾವಧಿ ಎಂಬ 2016ರ ಮಸೂದೆಯನ್ನು, ಒಂದೇ ಗ್ರಂಥಕ್ಕೆ ರಕ್ಷಣೆ ಕೊಡುವಂತಿಲ್ಲ ಎಂದು ಕೇಂದ್ರ ವಾಪಸು ಕಳಿಸಿತು. 2018ರಲ್ಲಿ ಗೀತೆ, ಕುರಾನ್, ಬೈಬಲ್ ಮೂರನ್ನೂ ಸೇರಿಸಿ ಮತ್ತೆ ಪಾಸು ಮಾಡಿದರು. ಸಮಾನತೆ ಬಂತು ನಿಜ, ಆದರೆ ಏಣಿ ಒಂದಿದ್ದದ್ದು ನಾಲ್ಕಾಯಿತು. 2021ರ ಡಿಸೆಂಬರ್‌ನಲ್ಲಿ ಕಪುರ್ತಲಾದ ಗುರುದ್ವಾರದಲ್ಲಿ ಒಬ್ಬನನ್ನು ಅಪವಿತ್ರತೆಯ ಹೆಸರಿನಲ್ಲಿ ಹೊಡೆದು ಕೊಂದರು. ಅಪವಿತ್ರತೆಯ ಕುರುಹೇ ಇಲ್ಲ ಎಂದ ಪೊಲೀಸರು ಕೊನೆಗೆ ಬಂಧಿಸಿದ್ದು ಗುರುದ್ವಾರದ ಮೇಲ್ವಿಚಾರಕನನ್ನು.

ಇಂಗ್ಲೆಂಡಿನಲ್ಲಿ ಸಮಾನತೆಯ ಪ್ರಶ್ನೆ ತಿರುಗಾಮುರುಗಾ ಬಂದಿತ್ತು. ಅಲ್ಲಿನ ಕಾನೂನು ಕ್ರೈಸ್ತ ಧರ್ಮವನ್ನು ಮಾತ್ರ ಕಾಯುತ್ತದೆ ಎಂದು 1990ರ ಸುಮಾರಿಗೆ ನ್ಯಾಯಾಲಯ ಹೇಳಿದಾಗ, ನಮಗೂ ಕೊಡಿ ಎಂದು ಕೇಳಿದ ಮುಸ್ಲಿಮರ ಮಾತಿನಲ್ಲಿ ನ್ಯಾಯವಿತ್ತು. ಎಲ್ಲರಿಗೂ ಕೊಡಬೇಕು, ಇಲ್ಲ ಯಾರಿಗೂ ಬೇಡ. 2008ರಲ್ಲಿ ಅವರು ಎರಡನೆಯದನ್ನು ಆರಿಸಿಕೊಂಡರು. ಅದಕ್ಕೆ ಮೊದಲೇ ಬದುಕಿರುವ ಜನರ ವಿರುದ್ಧ ದ್ವೇಷ ಕೆರಳಿಸುವುದಕ್ಕೆ ಬೇರೆ ಕಾಯ್ದೆ ಮಾಡಿಕೊಂಡಿದ್ದರು. ದಲೀಪ್ ಸಿಂಗರ ಗೆರೆ ಕೊನೆಗೆ ಲಂಡನ್ ತಲುಪಿತು ಅನ್ನಬಹುದೇನೋ. ಡೆನ್ಮಾರ್ಕ್ 2017ರಲ್ಲಿ ಹಳೆಯ ಕಲಂ ತೆಗೆದುಹಾಕಿ, ಕುರಾನ್ ಸುಡುವ ಪ್ರಕರಣಗಳು ಹೆಚ್ಚಿದ ಮೇಲೆ 2023ರಲ್ಲಿ ಧರ್ಮಗ್ರಂಥಗಳ ದುರ್ಬಳಕೆಗೆ ಹೊಸದೊಂದನ್ನು ತಂದಿತು. ಮುಚ್ಚಿದ ಬಾಗಿಲು ಮುಚ್ಚಿಯೇ ಇರುತ್ತದೆಂಬ ಖಾತ್ರಿ ಎಲ್ಲೂ ಇಲ್ಲ.

ಠಾಣೆಯ ಮೊದಲ ಗಂಟೆ

ಕಾನೂನನ್ನು ರದ್ದುಮಾಡುವುದು ನಾಳೆಯ ಮಾತು. ಇವತ್ತಿನ ಕಾನೂನಿನೊಳಗೇ ಒಂದು ಕಿಂಡಿ ಇದೆ. ನಾಗರಿಕ ಸುರಕ್ಷಾ ಸಂಹಿತೆಯ 173(3) ಪ್ರಕಾರ, 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಿ, ಆಮೇಲೆ ಎಫ್‌ಐಆರ್ ಬೇಕೋ ಬೇಡವೋ ನೋಡಬಹುದು. 299 ಈ ಅಳತೆಯೊಳಗೆ ಬರುತ್ತದೆ. ಮಾತಿಗೆ ಸಂಬಂಧಿಸಿದ ಇಂಥ ದೂರುಗಳಲ್ಲಿ ಸಾಮಾನ್ಯವಾಗಿ ಈ ದಾರಿಯನ್ನೇ ಹಿಡಿಯುವುದು ಸೂಕ್ತ ಎಂದು 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಪಾಕಿಸ್ತಾನದಲ್ಲೂ 295ಸಿ ಪ್ರಕರಣವನ್ನು ಎಸ್‌ಪಿಗಿಂತ ಕೆಳಗಿನವರು ತನಿಖೆ ಮಾಡಕೂಡದು ಎಂಬ ನಿಯಮ ಬಂದು ಎಷ್ಟೋ ವರ್ಷವಾಯಿತು. ದರ್ಜೆಯೊಂದೇ ಧೈರ್ಯ ಕೊಡುವುದಿಲ್ಲ ಎಂಬುದನ್ನೂ ಅದೇ ತೋರಿಸಿದೆ.

ಆ 14 ದಿನಗಳಲ್ಲಿ ಕೇಳಬೇಕಾದದ್ದು ಬಹಳವೇನಿಲ್ಲ. ಆಡಿದ ಮಾತು ಯಾವ ಭಾಷೆಯಲ್ಲಿತ್ತು, ಅದೇ ಪದಗಳಲ್ಲಿ ಬರೆದುಕೊಳ್ಳಿ, ಸಾರಾಂಶ ಬೇಡ. ದೂರುದಾರ ತಾನೇ ಕೇಳಿದನೋ ಇನ್ನೊಬ್ಬರು ಹೇಳಿದ್ದನ್ನು ಕೇಳಿದನೋ. ವಿಡಿಯೊ ಇದ್ದರೆ ಪೂರ್ತಿಯದೋ ತುಂಡೋ, ಮೊದಲು ಏರಿಸಿದವರು ಯಾರು. ಘಟನೆಗೂ ದೂರಿಗೂ ನಡುವೆ ಎಷ್ಟು ದಿನ, ಆ ದಿನಗಳಲ್ಲಿ ಯಾರ ಮನೆಯಲ್ಲಿ ಸಭೆ ಸೇರಿತ್ತು, ಅರ್ಜಿ ಬರೆದವರು ಯಾರು. ಇಬ್ಬರ ನಡುವೆ ಸಾಲ, ಗಡಿ, ಬಾಡಿಗೆ, ಕೂಲಿಯ ತಕರಾರು ಇದೆಯೋ. ಇಟ್ಟನ್‌ವಾಲಿಯ ಕಡತದಲ್ಲಿ ಈ ಪ್ರಶ್ನೆಗಳಿಗೆಲ್ಲ ಉತ್ತರವಿತ್ತು, ಕೇಳಿದವರಿರಲಿಲ್ಲ. ತೋಟದ ಒಡೆಯ ನ್ಯಾಯಾಲಯದಲ್ಲಿ ನೀರಿನ ಜಗಳದ ಮಾತೆತ್ತಿದ್ದು ವಿಚಾರಣೆಯ ನಡುವೆ. ಅಷ್ಟು ಹೊತ್ತಿಗೆ ಆಸಿಯಾ ಜೈಲು ಸೇರಿ ತಿಂಗಳುಗಳೇ ಕಳೆದಿದ್ದವು.